ಹಿಂಡಿನ ಮುಂದೆ, ಹಿಂಡಿನ ಹಿಂದೆ

ಆ ಹೆಂಗಸನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಆಗುತ್ತಿರಲಿಲ್ಲ. ಅವಳಿಗೂ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಎರಡು ಮಾತಾಡುವಳು, ನಿಲ್ಲಿಸಿ ನನ್ನನ್ನು ದುರುಗುಟ್ಟಿಕೊಂಡು ನೋಡುವಳು, ಮತ್ತೆ ಎರಡು ಮಾತಾಡುವಳು. ಜವಾನನಿಗೆ ಹುಕುಂ ಕೊಡುವ ಅಮಲ್ದಾರನ ಗತ್ತು ಅದು ಅಂದುಕೊಂಡಿದ್ದೆ. ನಾನೂ ಆಗ ಸಿಡುಕಿ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಆಸ್ಪತ್ರೆಗೆ ಬರುತ್ತಿದ್ದೆ.

ಕೋಪಕ್ಕೆ ಕಾರಣವೂ ಇತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿರಾ ಕಡೆಯ ಒಂದು ಆಸ್ಪತ್ರೆ, ಹೆಸರು ಬೇಡ; ನಾನಲ್ಲಿ ಕಿರಿಯ ಡಾಕ್ಟರು. ನಾನು ಕೇಳಿದ್ದು ಹೆರಿಗೆ ವಾರ್ಡು. ಅದನ್ನು ಕೊಡದೆ ಗುರುವಾರದ ಎದೆರೋಗದ ಕ್ಲಿನಿಕ್ಕನ್ನು, ಅಂದರೆ ಕೆಮ್ಮಿ ಕೆಮ್ಮಿ ಗೋಡೆ ಬುಡಕ್ಕೆ ಉಗುಳುವ ಗಂಡಸರ ಒಂದು ಉದ್ದ ಸಾಲನ್ನು, ನನ್ನ ತಲೆಗೆ ಕಟ್ಟಿದವರು ನಮ್ಮ ದೊಡ್ಡ ಡಾಕ್ಟರು. ಆ ವರ್ಷವೇ ಆಸ್ಪತ್ರೆಗೆ ಒಂದು ಊದುವ ಮೀಟರ್ ಬಂದಿತ್ತು. ಅಂಗೈಯಗಲದ ಗುಂಡು ಡಬ್ಬಿ, ಮುಖದ ಮೇಲೆ ಒಂದು ಸೂಜಿ, ಪಕ್ಕದಲ್ಲಿ ರಟ್ಟಿನ ಕೊಳವೆ. ರೋಗಿ ಉಸಿರು ತುಂಬಿಕೊಂಡು ಕೊಳವೆಗೆ ಒಂದೇ ಸಲಕ್ಕೆ ಊದಬೇಕು. ಸೂಜಿ ಎಲ್ಲಿಯವರೆಗೆ ಹೋಗುತ್ತದೋ ಅಷ್ಟು ಅವನ ಶ್ವಾಸಕೋಶದ ಕಸುವು.

ದೊಡ್ಡ ಡಾಕ್ಟರು ಕೆಂಪು ಪೆನ್ಸಿಲಿನಿಂದ ಮೀಟರಿನ ಗಾಜಿನ ಮೇಲೆ ಒಂದು ಗೆರೆ ಎಳೆದರು. ಸೂಜಿ ಗೆರೆಯ ಕೆಳಗೆ ನಿಂತರೆ ಕೆಂಪು ಚೀಟಿ. ಕೆಂಪು ಚೀಟಿಯವನಿಗೆ ತಿಂಗಳು ತಿಂಗಳು ಉಬ್ಬಸದ ಮಾತ್ರೆ, ಚಳಿಗಾಲದಲ್ಲಿ ಹದಗೆಟ್ಟರೆ ಆಮ್ಲಜನಕದ ಸಿಲಿಂಡರ್ ಪಕ್ಕದ ಹಾಸಿಗೆ. ಅಂಥ ಹಾಸಿಗೆ ಇದ್ದದ್ದು ಎರಡೇ. ಸೂಜಿ ಗೆರೆ ದಾಟಿದರೆ ಬಿಳಿ ಚೀಟಿ. ಬಿಳಿ ಚೀಟಿಗೆ ಒಂದು ಬಾಟಲಿ ಕೆಮ್ಮಿನ ಔಷಧಿ, ಜೊತೆಗೆ ಬೀಡಿ ಬಿಡು ಎಂಬ ನನ್ನ ಬೈಗುಳ.

ಊದಿಸುವ ಮುಂಚೆ ನಾಲ್ಕು ಪ್ರಶ್ನೆ ಕೇಳಬೇಕಿತ್ತು. ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆ. ಕನ್ನಡ ಮಾಡಿಕೊಂಡವಳು ನಾನೇ. ದಿಬ್ಬ ಹತ್ತುವಾಗ ಉಸಿರು ಕಟ್ಟುತ್ತದೆಯೇ, ಸಮತಟ್ಟು ನೆಲದಲ್ಲಿ ಓರಗೆಯವರ ಜೊತೆ ನಡೆಯುವಾಗ ಕಟ್ಟುತ್ತದೆಯೇ, ಸ್ವಲ್ಪ ದೂರಕ್ಕೇ ನಿಲ್ಲಬೇಕಾಗುತ್ತದೆಯೇ, ಬಟ್ಟೆ ಹಾಕಿಕೊಳ್ಳುವಾಗಲೂ ಏದುಸಿರು ಬರುತ್ತದೆಯೇ. ಉತ್ತರ ಬರೆದುಕೊಳ್ಳುತ್ತಿದ್ದೆ, ಆದರೆ ಚೀಟಿಯ ಬಣ್ಣ ನಿರ್ಧಾರವಾಗುತ್ತಿದ್ದದ್ದು ಸೂಜಿಯಿಂದ ಮಾತ್ರ.

ಆ ಕುರಿಗಾಹಿ ಬಂದದ್ದು ದೀಪಾವಳಿ ಕಳೆದ ಮೇಲಿನ ಒಂದು ಗುರುವಾರ. ಬುಕ್ಕಾಪಟ್ಟಣದ ಆಚೆ, ಕುರಿ ಸಾಕುವವರ ಹಟ್ಟಿಯವನು. ಐವತ್ತರ ಆಸುಪಾಸು, ಹೆಗಲ ಮೇಲೆ ಕಂಬಳಿ, ಎದೆ ಪೀಪಾಯಿಯ ಹಾಗೆ ಉಬ್ಬಿತ್ತು. ಕಫದ ಪರೀಕ್ಷೆಯಲ್ಲಿ ಕ್ಷಯ ಇರಲಿಲ್ಲ. ಹಿಂದೆಯೇ ಬಂದ ಹೆಂಡತಿ ಒಳಗೆ ಬರದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಸಮತಟ್ಟು ನೆಲದಲ್ಲಿ ನಡೀವಾಗ ಉಸಿರು ಕಟ್ಟುತ್ತಾ?"

"ಇಲ್ಲ ಬುಡಿ."

"ಸ್ವಲ್ಪ ದೂರ ಹೋದ್ಮೇಲೆ ನಿಂತ್ಕೋಬೇಕಾಗುತ್ತಾ?"

"ಕುರಿ ನಿಂತ್ರೆ ನಾನೂ ನಿಂತ್ಕತೀನಿ. ಕುರಿ ನಡೆದ್ರೆ ನಾನೂ ನಡೀತೀನಿ."

ಸಾಲಿನಲ್ಲಿದ್ದವರು ನಕ್ಕರು. ಬಾಗಿಲಿನಿಂದ ಹೆಂಡತಿಯ ದನಿ ಬಂತು. "ಸುಳ್ಳು ಕಣಮ್ಮ." ನಿಲ್ಲಿಸಿ ನನ್ನನ್ನೇ ನೋಡಿದಳು. "ಮುಂದ್ಗಡೆ ಓಯ್ತಿದ್ದೋನು." ಮತ್ತೆ ನಿಲ್ಲಿಸಿದಳು. "ಈಗ ಹಿಂದ್ಗಡೆ ಬತ್ತಾನೆ."

"ನಿನ್ನ ಕೇಳಿದ್ನಾ ನಾನು? ಆಚೆ ನಿಲ್ಲು," ಅಂದೆ.

ಅವನು ಕೊಳವೆ ಬಾಯಿಗಿಟ್ಟು ಫಟ್ಟನೆ ಊದಿದ. ಸೂಜಿ ಕೆಂಪು ಗೆರೆ ದಾಟಿ ಎಷ್ಟೋ ಮುಂದೆ ಹೋಗಿ ನಿಂತಿತು. "ಭಲೇ ಕಣ್ಲಾ!" ಅಂದ ಸಾಲಿನಲ್ಲಿದ್ದವನೊಬ್ಬ. ಕುರಿಗಾಹಿ ಹೆಂಡತಿಯ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ. ನಾನು ಬಿಳಿ ಚೀಟಿ ಬರೆದು ಕೈಗಿಟ್ಟು ಮುಂದಿನವನನ್ನು ಕರೆದೆ.

ಎರಡು ತಿಂಗಳಲ್ಲಿ ನನ್ನ ಚೀಟಿಗಳ ಮರ್ಯಾದೆ ಹೋಯಿತು. ಕಳ್ಳಂಬೆಳ್ಳ ಕಡೆಯ ಒಬ್ಬ ಗಾರೆ ಕೆಲಸದವನು, ಚೆನ್ನಾಗಿಯೇ ಊದಿದ್ದವನು, ಬಿಳಿ ಚೀಟಿಯವನು, ತೀರಿಕೊಂಡ. ಅವನ ಅಣ್ಣ ಚೀಟಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟು ಹೊರಟುಹೋದ. ಅದೇ ದಿನ ಶಿರಾದ ತಗಡು ಕೆಲಸದ ಸಾಬರು ಬಂದರು. ಅವರು ಊದಿದರೆ ಸೂಜಿ ಅಲ್ಲಾಡಿದರೆ ಹೆಚ್ಚು. ಮೊದಲ ಕೆಂಪು ಚೀಟಿ ಅವರದೇ. "ಮೇಡಂ, ಖುದಾ ಕಿ ಮೆಹರ್ಬಾನಿ, ದಿನಾ ಕೋಟೆ ತನಕ ಹೋಗಿ ಬರ್ತೀನಿ. ದಮ್ಮು ಬಿಲ್ಕುಲ್ ಇಲ್ಲ," ಎಂದು ನಗುತ್ತಾ ಮಾತ್ರೆ ಇಸಿದುಕೊಂಡು ಹೋದರು. ಇದನ್ನು ದೊಡ್ಡ ಡಾಕ್ಟರಿಗೆ ಹೇಳಿದೆ.

"ಒಂದೆರಡು ಕೇಸಿಗೆಲ್ಲ ಮಶಿನ್ ತಪ್ಪು ಅಂತೀರೇನ್ರೀ? ನೀವು ಊದಿಸಿದ್ದು ಸರಿಯಿಲ್ಲ ಅಂತ ನಾನು ಹೇಳ್ಲಾ?" ಅಂದರು. ಮೈಯೆಲ್ಲ ಉರಿದುಹೋಯಿತು.

ಮುಂದಿನ ಗುರುವಾರ ಖಾಲಿ ಬಾಟಲಿ ಹಿಡಿದು ಆ ಹೆಂಡತಿ ಒಬ್ಬಳೇ ಬಂದಳು. ಬಂದವಳೇ ಹೇಳದೆ ಕೇಳದೆ ರೋಗಿಗಳ ಸ್ಟೂಲಿನ ಮೇಲೆ ಕೂತಳು. ಸುಮಾರು ಹೊತ್ತು ಬಾಯಿ ಬಿಡಲಿಲ್ಲ.

"ನಮ್ಮೋನು ಈಗ ರೊಪ್ಪದಾಗವ್ನೆ," ಅಂದಳು ಕೊನೆಗೆ.

"ಹಂಗಂದ್ರೆ?"

"ಅದೂ ಗೊತ್ತಿಲ್ವಾ?" ನಿಲ್ಲಿಸಿದಳು. "ಇಷ್ಟು ಓದಿದ್ಯ." ಮತ್ತೆ ನಿಲ್ಲಿಸಿದಳು. "ಬಂದ್ ನೋಡು. ಕಾಲಿದ್ರೆ."

ಇಂಥ ಮಾತು ಕೇಳಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿ ನಿಂತಿರು ಎಂದೆ. ಮೀಟರನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ದೊಡ್ಡ ಡಾಕ್ಟರಿಗೆ ಹೇಳಲಿಲ್ಲ.

ಬುಕ್ಕಾಪಟ್ಟಣದಿಂದ ಹಟ್ಟಿಗೆ ಎರಡು ಮೈಲಿ, ಕುರುಚಲು ಕಾಡಿನ ಕಾಲುದಾರಿ. ಹೋಗುವಾಗ ಆ ಹೆಂಗಸಿನ ಕಾಲಿಗೆ ಮೂರು ಸಲ ಮುಳ್ಳು ಚುಚ್ಚಿತು. ಪ್ರತಿ ಸಲವೂ ಬಗ್ಗಿ, ಮೊಣಕಾಲಿಗೆ ಕೈಕೊಟ್ಟು, ಹಿಮ್ಮಡಿ ತಿರುಗಿಸಿ, ಸಾವಕಾಶವಾಗಿ ಕೀಳುತ್ತಿದ್ದಳು. ಹೊತ್ತು ಏರುತ್ತಿತ್ತು.

"ಚಪ್ಪಲಿ ಹಾಕ್ಕೊಂಡು ಬರೋಕೇನು ರೋಗ ನಿಂಗೆ?" ಅಂದೆ.

"ನೀನ್ ಮುಂದೆ ನಡಿ," ಅಂದಳು ತಲೆ ಎತ್ತದೆ.

ಹಟ್ಟಿಯಲ್ಲಿ ಮೊದಲು ಎದುರಾದದ್ದು ನಾಯಿಗಳು, ಆಮೇಲೆ ಗಂಡಸರು. ನಾಯಿಗಳೇ ವಾಸಿ. ಕೆಲವು ವರ್ಷಗಳ ಹಿಂದೆ ಸಂತಾನಹರಣದ ಆಪರೇಷನ್ ಕ್ಯಾಂಪಿಗೆಂದು ಅಲ್ಲಿಯ ಗಂಡಸರನ್ನು ಜೀಪಿನಲ್ಲಿ ತುಂಬಿಕೊಂಡು ಹೋಗಿದ್ದರಂತೆ. ಆಸ್ಪತ್ರೆಯವರ ಚೀಲ ಕಂಡರೆ ಅವರಿಗೆ ಅದೇ ನೆನಪು. "ಮತ್ತೆ ಯಾರ್ನ ಕೊಯ್ಯಕ್ಕೆ ಬಂದವ್ಳೆ ಇವ್ಳು?" ಎಂದು ಒಬ್ಬ ಮುದುಕ ನನ್ನ ಕಾಲಿನ ಪಕ್ಕಕ್ಕೆ ಉಗುಳಿದ. ಕೂತುಕೋ ಎಂದು ಯಾರೂ ಹೇಳಲಿಲ್ಲ, ಒಂದು ಲೋಟ ನೀರು ಕೊಡಲಿಲ್ಲ. ಕುರಿಗಾಹಿಯ ತಮ್ಮ ಹಿಂಡು ಹೊರಡಿಸುತ್ತಿದ್ದ. ನಿಂತು ಬೈಸಿಕೊಳ್ಳುವ ಬದಲು ನಡೆಯುವುದೇ ಮೇಲೆಂದು ಅವನ ಹಿಂದೆ ಹೊರಟೆ.

ನಾಲ್ಕು ಪ್ರಶ್ನೆಯ ಹಾಳೆಯಲ್ಲಿ ಇರದಿದ್ದದ್ದು ಆ ಒಂದು ಬೆಳಿಗ್ಗೆಯಲ್ಲಿ ತಿಳಿಯಿತು. ಹಿಂಡಿಗೆ ಇಬ್ಬರು ಬೇಕು. ಒಬ್ಬ ಮುಂದೆ, ಒಬ್ಬ ಹಿಂದೆ. ಮುಂದಿನವನು ಬಿರಬಿರನೆ ನಡೆಯಬೇಕು, ನಡೆಯುತ್ತಲೇ ಕೂಗಬೇಕು, ಮೇವು ಕಂಡ ಕಡೆ ಓಡಿ ಹಿಂಡನ್ನು ತಿರುಗಿಸಬೇಕು. ಮೂವತ್ತು ತುಂಬದ ನನಗೆ ಅವನ ಜೊತೆ ಒಂದು ಫರ್ಲಾಂಗ್ ಹೋಗಲು ಆಗಲಿಲ್ಲ. ಹಿಂದಿನವನ ಕೆಲಸ ಬೇರೆ. ಕುರಿ ಒಂದು ಬಾಯಿ ಮೇದು ಒಂದು ಹೆಜ್ಜೆ ಇಟ್ಟರೆ ಅವನೂ ಒಂದು ಹೆಜ್ಜೆ. ಅರ್ಧ ಶ್ವಾಸಕೋಶ ಇದ್ದವನೂ ಸಂಜೆಯವರೆಗೆ ಹಾಗೆ ನಡೆದಾನು. ಅದೂ ಆಗದವನು ರೊಪ್ಪದಲ್ಲಿ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯಲ್ಲಿ, ಮರಿಗಳನ್ನು ಕಾಯುತ್ತಾನೆ. ಮರಿಗೆ ನೀರು ಹೊರಲೂ ಆಗದವನು ಮನೆ ಬಾಗಿಲಲ್ಲಿ ಕೂರುತ್ತಾನೆ. ಯಾರು ಎಲ್ಲಿದ್ದಾರೆಂದು ಹಟ್ಟಿಗೆಲ್ಲ ಗೊತ್ತು. ಬಾಗಿಲಿಗೆ ಬಂದವನ ಪಾಲಿನ ಕೆಲಸವನ್ನು ಆಗಲೇ ಬೇರೆಯವರಿಗೆ ಹಂಚಿಬಿಟ್ಟಿರುತ್ತಾರೆ.

ವಾಪಸು ಬಂದು ನೋಡಿದರೆ ಕುರಿಗಾಹಿ ರೊಪ್ಪದ ಕಲ್ಲಿನ ಮೇಲೆ ಎರಡೂ ಕೈ ಮೊಣಕಾಲಿಗೂರಿ ಕೂತಿದ್ದ. ಸೀಟಿ ಹಾಕುವವನ ಹಾಗೆ ತುಟಿ ಮುಂದೆ ಮಾಡಿ ಉಸಿರು ಬಿಡುತ್ತಿದ್ದ.

"ಉಸಿರು ಕಟ್ಟಲ್ಲ ಅಂತ ಯಾಕೆ ಹೇಳ್ದೆ?" ಎಂದು ರೇಗಿದೆ.

"ಕುರಿ ಜೊತೆ ನಡೆದ್ರೆ ಯಾರ್ಗೆ ಕಟ್ತದೆ ಉಸ್ರು? ಎಲ್ಲಿ ನಡೀತೀಯ ಅಂತ ಕೇಳಿದ್ಯಾ ನೀನು?"

"ಮತ್ತೆ ಮೀಟರ್ ಹಂಗೆ ಹೆಂಗೆ ಊದ್ದೆ?"

ಅವನು ದೂರ ಹೋಗುತ್ತಿದ್ದ ಒಂದು ಮರಿಯನ್ನು ಕೂಗಿದ. ನಾಲಿಗೆಯನ್ನು ಹಲ್ಲಿಗೆ ಒತ್ತಿ, ಕೆನ್ನೆ ಬಿಗಿದು, ಫಟ್ಟೆಂದು ಒಂದು ಸಿಡಿ ಗಾಳಿ. ಎದೆ ಅಲ್ಲಾಡಲೇ ಇಲ್ಲ. ಮರಿ ಗಕ್ಕನೆ ನಿಂತಿತು. ಆಸ್ಪತ್ರೆಯಲ್ಲಿ ಊದಿದ್ದೂ ಹೀಗೆಯೇ. ಹುಟ್ಟಿದಾಗಿನಿಂದ ಕುರಿ ಕೂಗಿದ ನಾಲಿಗೆಯ ಕಸುವನ್ನು ನಾನು ಶ್ವಾಸಕೋಶದ ಲೆಕ್ಕಕ್ಕೆ ಬರೆದಿದ್ದೆ.

ಮೀಟರ್ ತೆಗೆದೆ. ನಾಲಿಗೆ ಕೆಳಗಿಡು, ತುಟಿಯಿಂದ ಕೊಳವೆ ಸುತ್ತ ಮುಚ್ಚು, ಹೊಟ್ಟೆಯಿಂದ ಊದು. ನಾಲ್ಕನೇ ಸಲಕ್ಕೆ ಸರಿ ಬಂತು. ಈ ಸಲ ಸೂಜಿ ಬಹಳ ಹಿಂದೆಯೇ, ಕೆಂಪು ಗೆರೆಯ ಒಂದು ಕೂದಲಷ್ಟು ಮೇಲೆ, ನಿಂತಿತು. ಹಟ್ಟಿಯವರೆಲ್ಲ ಬೇಲಿಯಾಚೆ ನಿಂತು ನೋಡುತ್ತಿದ್ದರು. ಅವನಿಗೆ ಅವಮಾನವಾಯಿತು, ಕೊಳವೆಯನ್ನು ಮುರಿದು ಎಸೆದ. ನನಗೆ ಹೊಟ್ಟೆಯುರಿದದ್ದು ಬೇರೆ ಕಾರಣಕ್ಕೆ. ಇಷ್ಟು ಮಾಡಿದರೂ ಅವನದು ಬಿಳಿ ಚೀಟಿಯೇ.

ಮಧ್ಯಾಹ್ನ ಆ ಹೆಂಗಸು ಒಳಗೆ ಬಾ ಎಂದು ಕೈಸನ್ನೆ ಮಾಡಿ ಮುದ್ದೆ ಇಟ್ಟಳು. ಕಿಟಕಿಯಿಲ್ಲದ ಗುಡಿಸಲು, ಹಸಿ ಸೌದೆಯ ಒಲೆ. ಹೊಗೆಗೆ ನನ್ನ ಕಣ್ಣಲ್ಲಿ ಧಾರಾಕಾರ ನೀರು. ತಟ್ಟೆ ಎತ್ತಿಕೊಂಡು ಆಚೆ ಓಡಿಬಂದೆ. ಅವಳು ಒಲೆಯ ಮುಂದೆಯೇ ಕೂತಿದ್ದಳು.

ಮುಂದಿನ ಗುರುವಾರದಿಂದ ಅಚ್ಚಾದ ಹಾಳೆಯನ್ನು ಡ್ರಾಯರಿಗೆ ತಳ್ಳಿದೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮು ಎಳೆದೆ: ಮುಂದೆ, ಹಿಂದೆ, ರೊಪ್ಪ, ಬಾಗಿಲು. ಕುರಿ ಇಲ್ಲದವರಿಗೆ ಅವರ ಕೆಲಸದಲ್ಲೇ ಕೇಳಿದೆ. ಗಾರೆಯವನು ಸಾರುವೆ ಹತ್ತುತ್ತಾನೋ, ಕೆಳಗೆ ನಿಂತು ಗಾರೆ ಕಲಸುತ್ತಾನೋ, ನೆರಳಲ್ಲಿ ಕೂತು ಸಾಮಾನು ಕಾಯುತ್ತಾನೋ. ತೀರಿಕೊಂಡವನ ಅಣ್ಣನನ್ನು ಹುಡುಕಿಸಿ ಕೇಳಿದೆ. ಸಾಯುವ ಮುಂಚೆ ಅವನು ಸಾಮಾನು ಕಾಯುತ್ತಿದ್ದನಂತೆ. ಸಾಬರು ಈಗಲೂ ಸೂರಿನ ಮೇಲೆ ಹತ್ತಿ ತಗಡು ಹೊಡೆಯುತ್ತಿದ್ದರು.

ನೋಟ್‌ಬುಕ್ಕನ್ನು ದೊಡ್ಡ ಡಾಕ್ಟರ ಮುಂದಿಟ್ಟೆ. ಎರಡು ಪುಟ ತಿರುವಿದರು.

"ಇದೇನ್ರೀ, ಕುರಿ ಡಿಪಾರ್ಟ್‌ಮೆಂಟಾ? ಉಸಿರು ಕಟ್ಟುತ್ತೆ ಅನ್ನೋದು ಅವನ ಬಾಯಿ ಮಾತು. ಯಾರು ಬೇಕಾದ್ರೂ ಹೇಳ್ತಾರೆ. ಮೀಟರ್ ಸುಳ್ಳು ಹೇಳಲ್ಲ."

"ನಾಲಿಗೆಯಲ್ಲಿ ಊದಿದ್ರೆ ಹೇಳುತ್ತೆ ಸಾರ್."

"ಹೆರಿಗೆ ವಾರ್ಡಿನ ತಲೆ ಇಟ್ಕೊಂಡು ಎದೆ ಕ್ಲಿನಿಕ್ ಮಾಡಿದ್ರೆ ಹೀಗೇ ಆಗೋದು," ಎಂದು ನೋಟ್‌ಬುಕ್ಕನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಆ ಮನುಷ್ಯನನ್ನು ನಾನು ಆ ದಿನ ಮನಸಾರೆ ದ್ವೇಷಿಸಿದೆ.

ಸಂಕ್ರಾಂತಿಯ ಚಳಿಯಲ್ಲಿ, ಒಂದು ಬೆಳಿಗ್ಗೆ, ಕುರಿಗಾಹಿಯನ್ನು ಎತ್ತಿನ ಗಾಡಿಯಲ್ಲಿ ತಂದರು. ಉಗುರು ನೀಲಿ, ಕತ್ತಿನ ನರ ಬಿಗಿದಿತ್ತು, ಒಂದು ಪದವನ್ನೂ ಪೂರ್ತಿ ಆಡಲಾರ. ಹೆಂಡತಿ ಗಾಡಿಯ ಗಾಲಿ ಹಿಡಿದು ನಿಂತಿದ್ದಳು. "ಬಾಗ್ಲಿಗೆ ಬಂದ," ಅಂದಳು ಅಷ್ಟೆ.

ಎರಡು ಹಾಸಿಗೆಯಲ್ಲಿ ಒಂದು ಖಾಲಿ ಇತ್ತು, ಆದರೆ ಕೆಂಪು ಚೀಟಿಯವರಿಗೆ. ನಾನು ಯೋಚನೆ ಮಾಡಿದ್ದು ಒಂದು ನಿಮಿಷವೂ ಇಲ್ಲ. ಅವನ ಕೈಯಲ್ಲಿದ್ದ ಬಿಳಿ ಚೀಟಿಯನ್ನು ಹರಿದೆ. ಕೆಂಪು ಚೀಟಿ ತೆಗೆದು, ಮೀಟರಿನ ಅಂಕಿ ಬರೆಯುವ ಜಾಗದಲ್ಲಿ "ಬಾಗಿಲು" ಎಂದು ಬರೆದು ಸಹಿ ಹಾಕಿದೆ. ಹಾಸಿಗೆಗೆ ಹಾಕಿ, ಸಿಲಿಂಡರಿನ ಕೀ ಕಾಲು ಸುತ್ತು ತಿರುಗಿಸಿ, ಮೂಗಿಗೆ ನಳಿಕೆ ಕೊಟ್ಟೆ. ಇಂಥವರಿಗೆ ಜೋರಾಗಿ ಬಿಟ್ಟರೆ ಉಸಿರೇ ನಿಂತುಹೋಗಬಹುದು; ಸೀಸೆಯ ನೀರಿನಲ್ಲಿ ಗುಳ್ಳೆ ಎಣಿಸುವಷ್ಟು ನಿಧಾನವಾಗಿ ಏಳಬೇಕು. ಉಬ್ಬಸದ ಚುಚ್ಚುಮದ್ದನ್ನು ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕೊಡಬೇಕು. ಅವಸರ ಮಾಡಿದರೆ ಗುಂಡಿಗೆ ನಿಲ್ಲುತ್ತದೆ. ಆರನೇ ನಿಮಿಷಕ್ಕೆ ದೊಡ್ಡ ಡಾಕ್ಟರು ಬಂದರು.

"ಯಾರ್ರೀ ಇವನು? ಚೀಟಿ ತೋರಿಸಿ."

ಸಿರಿಂಜಿನಿಂದ ಕೈ ತೆಗೆಯುವಂತಿರಲಿಲ್ಲ. ದಿಂಬಿನ ಕಡೆ ಗಲ್ಲ ಮಾಡಿ ತೋರಿಸಿದೆ. ಓದಿದರು.

"ನಂಬರ್ ಎಲ್ಲಿ?"

"ಅದೇ ನಂಬರ್ ಸಾರ್."

"ಇಳಿಸಿ ಕೆಳಗೆ. ಇದು ನನ್ನ ಆರ್ಡರ್."

"ನಾಲ್ಕು ನಿಮಿಷ ಬಾಕಿ ಇದೆ. ಆಮೇಲೆ ನೀವೇ ಕೈಹಾಕಿ ಇಳಿಸಿ ಸಾರ್. ನಾನು ಇಳಿಸಲ್ಲ."

ವಾರ್ಡೆಲ್ಲ ನೋಡುತ್ತಿತ್ತು. ಅವರು ಕೈಹಾಕಲಿಲ್ಲ. ಚೀಟಿಯನ್ನು ನೆಲಕ್ಕೆ ಎಸೆದು ಹೊರಟುಹೋದರು. ಮಾರನೆಯ ದಿನ ನನಗೆ ಮೆಮೊ ಬಂತು, ಯುಗಾದಿಗೆ ಮುಂಚೆ ಪಾವಗಡದ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ವರ್ಗ. ಕುರಿಗಾಹಿ ಹನ್ನೆರಡು ದಿನಕ್ಕೆ ಎದ್ದು ಮನೆಗೆ ಹೋದ. ಹೋಗುವಾಗ ಅವನಾಗಲಿ ಹೆಂಡತಿಯಾಗಲಿ ಒಂದು ಒಳ್ಳೆಯ ಮಾತು ಆಡಲಿಲ್ಲ.

ಪಾವಗಡದಲ್ಲಿ ಮೀಟರ್ ಇರಲಿಲ್ಲ. ನನಗೆ ಬೇಕೂ ಇರಲಿಲ್ಲ. ಎದೆ ಕಾಯಿಲೆಯವರು ಬಂದರೆ ಅದೇ ನೋಟ್‌ಬುಕ್ಕು, ಅದೇ ನಾಲ್ಕು ಕಾಲಮು. ಮೂರು ವರ್ಷ ಬರೆದೆ. ಸತ್ತವರ ಹೆಸರಿಗೆ ಗೆರೆ ಎಳೆಯುತ್ತಾ ಬಂದೆ. ಬಾಗಿಲಿನ ಕಾಲಮು ಮೊದಲು ಗೆರೆಗಳಿಂದ ತುಂಬಿತು, ಆಮೇಲೆ ರೊಪ್ಪದ್ದು. ಮುಂದೆ ಎಂದಿದ್ದವರು ಎಷ್ಟು ಕೆಮ್ಮಿದರೂ ಎಷ್ಟು ಕಫ ಉಗುಳಿದರೂ ಹೆಚ್ಚುಕಮ್ಮಿ ಹಾಗೆಯೇ ಉಳಿದಿದ್ದರು. ಬಾಗಿಲಿಗೆ ಬಂದವನಿಗೆ ಇನ್ನೆಷ್ಟು ಕಾಲ ಎಂದು ನೋಡಿದ ಕೂಡಲೇ ಹೇಳುವಷ್ಟು ಪಳಗಿದ್ದೆ. ನಿಜ ಹೇಳುತ್ತೇನೆ, ಒಳಗೊಳಗೆ ಜಂಬವೂ ಇತ್ತು. ದೊಡ್ಡ ಡಾಕ್ಟರು ಎದುರಿಗೆ ಸಿಕ್ಕರೆ ಈ ಪುಸ್ತಕವನ್ನು ಮುಖಕ್ಕೆ ಹಿಡಿಯಬೇಕೆಂದು ಕಾಯುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆ. ಮೇವು ಹುಡುಕಿಕೊಂಡು ಹಿಂಡುಗಳು ಆಂಧ್ರದ ಗಡಿಯ ಕಡೆ ಹೋಗುತ್ತಿದ್ದವು. ಆಯಾ ಬಂದು ಹೇಳಿದಳು: "ಮೇಡಮ್ಮಾ, ಎವರೋ ಕುರಿಯೋಳು ಬಂದವ್ಳೆ. ಲೋಪಲಿಕಿ ರಾ, ಒಳಕ್ಕೆ ಬಾ ಅಂದ್ರೆ ಗೇಟಿನತ್ರಾನೇ ನಿಂತವ್ಳೆ."

ಹೊರಗೆ ಬಂದು ನೋಡಿದೆ. ಆ ಹೆಂಗಸೇ. ಗೇಟಿನ ಸರಳು ಹಿಡಿದು ನಿಂತಿದ್ದಳು, ಕೈಯಲ್ಲಿ ಖಾಲಿ ಬಾಟಲಿ. ಹಳೆಯ ಸಿಡುಕು ತಾನಾಗಿಯೇ ನಾಲಿಗೆಗೆ ಬಂತು.

"ಏನು, ಇಲ್ಲಿಗೂ ಬಂದ್ಯಾ? ಹೆಂಗವ್ನೆ ನಿನ್ನ ಗಂಡ?"

"ಓಗ್ಬುಟ್ಟ." ನಿಲ್ಲಿಸಿ ನನ್ನನ್ನು ನೋಡಿದಳು. "ಓದ್ ಮಳೆಗಾಲ್ದಾಗೆ." ಮತ್ತೆ ನಿಲ್ಲಿಸಿದಳು. "ಕೆಮ್ಮಿನ್ ಔಸ್ದಿ ಕೊಡು."

"ಯಾರಿಗೆ?"

ಅವಳು ಬಾಟಲಿ ಮುಂದೆ ಹಿಡಿದಳು. ಒಳಗೆ ಬಾ ಎಂದು ನಾನು ಮುಂದೆ ನಡೆದೆ. ಗೇಟಿನಿಂದ ನನ್ನ ಕೋಣೆಗೆ ಸಿಮೆಂಟಿನ ದಾರಿ. ಮೂವತ್ತು ಹೆಜ್ಜೆ ಇದ್ದೀತು. ಆಯಾ ಆಗಷ್ಟೇ ನೀರು ಹಾಕಿ ತೊಳೆದಿದ್ದಳು. ಬಾಗಿಲಲ್ಲಿ ತಿರುಗಿ ನೋಡಿದರೆ ಅವಳು ಅರ್ಧ ದಾರಿಯಲ್ಲಿ ನಿಂತಿದ್ದಳು. ಬಗ್ಗಿ, ಮೊಣಕಾಲಿಗೆ ಕೈಕೊಟ್ಟು, ಹಿಮ್ಮಡಿ ತಿರುಗಿಸಿ, ಸಾವಕಾಶವಾಗಿ ಮುಳ್ಳು ಕೀಳುತ್ತಿದ್ದಳು.

ತೊಳೆದ ಸಿಮೆಂಟಿನ ಮೇಲೆ ಮುಳ್ಳೆಲ್ಲಿಯದು? ನಾನು ಬಾಗಿಲಲ್ಲೇ ನಿಂತೆ. ಬುಕ್ಕಾಪಟ್ಟಣದ ದಾರಿಯಲ್ಲೂ ಅವಳ ಕಾಲಿಗೆ ಮುಳ್ಳು ಚುಚ್ಚಿರಲಿಲ್ಲ. ಮೊದಲ ದಿನ ಚೌಕಟ್ಟು ಹಿಡಿದದ್ದು, ಆಮೇಲೆ ಸ್ಟೂಲು, ಗಾಡಿಯ ಗಾಲಿ, ಈಗ ಗೇಟಿನ ಸರಳು. ಎರಡು ಮಾತಿಗೊಮ್ಮೆ ನಿಲ್ಲಿಸಿ ನನ್ನನ್ನು ನೋಡುತ್ತಿದ್ದದ್ದು ಗತ್ತಲ್ಲ. ಮೂರನೇ ಮಾತಿಗೆ ಅವಳಲ್ಲಿ ಉಸಿರು ಇರಲಿಲ್ಲ. ಅವಳ ಕೈಗೆ ನಾನು ಒಂದು ದಿನವೂ ಕೊಳವೆ ಕೊಟ್ಟಿರಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನೋಟ್‌ಬುಕ್ಕಿನ ನಾಲ್ಕು ಕಾಲಮಿನಲ್ಲಿ ಒಂದೂ ಹೆಂಗಸಿನ ಹೆಸರಿರಲಿಲ್ಲ. ಹಿಂಡಿನ ಮುಂದೆಯೂ ಹಿಂದೆಯೂ ಹೆಂಗಸರು ನಡೆಯುವುದಿಲ್ಲವಲ್ಲ. ಹೊಗೆಯಿಂದ ನಾನು ಓಡಿಬಂದಿದ್ದೆ, ಅವಳು ಒಳಗೇ ಕೂತಿದ್ದಳು.

ಹತ್ತಿರ ಹೋಗಿ ಕೇಳಿದೆ. ಬೇರೆ ಪ್ರಶ್ನೆ ತೋಚಲಿಲ್ಲ. "ಬಾವಿಯಿಂದ ಮನೆಗೆ ಬರೋವಷ್ಟ್ರಲ್ಲಿ ಬಿಂದಿಗೆ ಎಷ್ಟು ಸಲ ಇಳಿಸ್ತೀಯ?"

"ಬಿಂದ್ಗೆ ಎತ್ತಾದ್ನ ಬುಟ್ಟು..." ನಿಲ್ಲಿಸಿದಳು. ನಾನು ಕಾದೆ. ಇದೇ ಮೊದಲ ಸಲ ಕಾದದ್ದು. "...ಎಲ್ಡು ವರ್ಸ ಆತು ಕಣಮ್ಮ."

ಅದು ಯಾವ ಕಾಲಮು ಎಂದು ನನಗೆ ಗೊತ್ತಿತ್ತು. ಆ ಕಾಲಮಿನವರಿಗೆ ಎಷ್ಟು ಕಾಲ ಎಂಬುದೂ ಗೊತ್ತಿತ್ತು. ಅವಳ ಕೈಯಿಂದ ಬಾಟಲಿ ತೆಗೆದುಕೊಂಡು, ತೋಳು ಹಿಡಿದು, ವಾರ್ಡಿನ ಕಡೆ ತಿರುಗಿಸಿದೆ. ಹತ್ತು ಹೆಜ್ಜೆಗೆ ಅವಳು ಮತ್ತೆ ಬಗ್ಗಿದಳು.

"ಮುಳ್ಳು," ಅಂದಳು.

"ತಡಿ, ನಾನು ತೆಗೀತೀನಿ," ಎಂದು ನೆಲದ ಮೇಲೆ ಕೂತು ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡೆ. ಅವಳ ಉಸಿರು ತಿರುಗುವವರೆಗೂ, ಅಲ್ಲಿಲ್ಲದ ಮುಳ್ಳನ್ನು ಹುಡುಕುತ್ತಾ ಕೂತಿದ್ದೆ.